ಕುಂಡದೊಳಗಿನ ನೀಲಗಿರಿ

ಎರಡು ವರ್ಷಗಳ ಹಿಂದೆ, ಯುಗಾದಿಯ ಮರುವಾರ, ನಮ್ಮ ಮನೆಯಾಕೆ ನರ್ಸರಿಯಿಂದ ಒಂದು ಗಿಡವನ್ನು ತಂದಳು. ಗಿಡವೆಂದರೆ ಒಂದೂವರೆ ಅಡಿ ಎತ್ತರದ ಕಡ್ಡಿ. ಆದರೆ ಆ ಕಡ್ಡಿಯ ಇಕ್ಕೆಲಗಳಲ್ಲಿ ಜೋಡಿಜೋಡಿಯಾಗಿ ದುಂಡನೆಯ ಎಲೆಗಳು, ಹಳೆಯ ಬೆಳ್ಳಿ ರೂಪಾಯಿಗಳನ್ನು ದಾರದಲ್ಲಿ ಪೋಣಿಸಿ ನಿಲ್ಲಿಸಿದಂತೆ. ಬಣ್ಣವೋ, ಹಸುರೂ ಅಲ್ಲ, ನೀಲಿಯೂ ಅಲ್ಲ. ಬೂದಿ ಬಳಿದುಕೊಂಡ ಬೈರಾಗಿಯ ಮೈಬಣ್ಣ.

“ಇದರ ಹೆಸರು ಸಿಲ್ವರ್ ಡಾಲರ್ ರೀ. ಬಾಲ್ಕನಿಯಲ್ಲಿಟ್ಟರೆ ಸೊಳ್ಳೆ ಹತ್ತಿರ ಸುಳಿಯುವುದಿಲ್ಲವಂತೆ. ನಾನೂರೈವತ್ತು ಹೇಳಿದ, ಮುನ್ನೂರೈವತ್ತಕ್ಕೆ ಇಳಿಸಿದೆ,” ಎಂದು ಆಕೆ ವಿಜಯೋತ್ಸಾಹದಿಂದ ನುಡಿದಳು.

ಕನ್ನಡ ಮೇಷ್ಟರಿಗೆ ಡಾಲರಿನ ಪರಿಚಯ ಕಡಿಮೆ. ಆದರೂ ಕುತೂಹಲಕ್ಕೆ ಒಂದೆಲೆಯನ್ನು ಕಿತ್ತು, ಬೆರಳುಗಳ ನಡುವೆ ಹೊಸಕಿ ಮೂಸಿ ನೋಡಿದೆ. ಮರುಕ್ಷಣ ನಾನು ಬೆಂಗಳೂರಿನ ಮೂರನೆಯ ಮಹಡಿಯ ಮೇಲಿರಲಿಲ್ಲ. ಕೋಲಾರ ಜಿಲ್ಲೆಯ ನಮ್ಮೂರಿನ ಹೊಲದ ಬದುವಿನ ಮೇಲೆ ನಿಂತಿದ್ದೆ.

“ಇದು ನೀಲಗಿರಿ ಕಣೇ!” ಎಂದೆ.

“ಇದ್ದೀತು. ನಿಮ್ಮೂರಿನ ನೀಲಗಿರಿಗೆ ಇಷ್ಟು ಚೆಂದ ಎಲ್ಲಿತ್ತು?” ಎಂದಳು ಆಕೆ.

ನಾನು ಮರುಮಾತಾಡಲಿಲ್ಲ. ನಮ್ಮ ತಂದೆಯವರು ಈ ಗಿಡವನ್ನು ನೋಡಿದರೆ ಏನೆಂದಾರು ಎಂಬ ಚಿಂತೆ ಆಗಲೇ ಮನಸ್ಸನ್ನು ಹೊಕ್ಕಿತ್ತು. ಆ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ. ಈಚೆಗೆ ಪರಿಚಿತರ ಎಷ್ಟೋ ಮನೆಗಳ ಬಾಲ್ಕನಿಯಲ್ಲಿ ಈ ಬೆಳ್ಳಿಯೆಲೆಯ ಗಿಡವನ್ನು ಕಾಣುತ್ತಿದ್ದೇನೆ. ಕೆಲವೆಡೆ ಅದು ಒಣಗಿ ನಿಂತಿರುವುದನ್ನೂ ಕಂಡಿದ್ದೇನೆ. ಆದುದರಿಂದ ನಾವು ಎರಡು ವರ್ಷ ತಪ್ಪು ಮಾಡಿ ಕಲಿತ ಪಾಠವನ್ನು ಓದುಗರ ಮುಂದಿಡುವುದು ನಿರುಪಯುಕ್ತವಾಗಲಾರದು.

ಮೊದಲು ಹೆಸರಿನ ವಿಚಾರ. ಮೇಷ್ಟರ ಚಟ, ಕ್ಷಮಿಸಬೇಕು. ನಾವು ನೀಲಗಿರಿಯೆಂದು ಕರೆಯುವ ಈ ಮರದ ತವರು ಆಸ್ಟ್ರೇಲಿಯಾ. ಕ್ಯಾಪ್ಟನ್ ಕುಕ್ಕನ ಮೂರನೆಯ ಯಾನದ ಕಾಲದಲ್ಲಿ, 1777ರಲ್ಲಿ, ಟಾಸ್ಮೇನಿಯಾದ ಬಳಿಯ ಒಂದು ದ್ವೀಪದಲ್ಲಿ ಸಂಗ್ರಹಿಸಿದ ಕೊಂಬೆಯೊಂದನ್ನು ಲಂಡನ್ನಿನಲ್ಲಿ ಪರೀಕ್ಷಿಸಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆರಿಟಿಯೆ ಅದಕ್ಕೆ ‘ಯೂಕಲಿಪ್ಟಸ್’ ಎಂದು ನಾಮಕರಣ ಮಾಡಿದ. ಗ್ರೀಕಿನಲ್ಲಿ ಅದರ ಅರ್ಥ ‘ಚೆನ್ನಾಗಿ ಮುಚ್ಚಿದುದು’ ಎಂದು. ಈ ಮರದ ಮೊಗ್ಗಿಗೆ ಒಂದು ಪುಟ್ಟ ಮುಚ್ಚಳವಿರುತ್ತದೆ. ಹೂವರಳುವಾಗ ಮುಚ್ಚಳ ಕಳಚಿ ಬಿದ್ದು ಒಳಗಿನ ಕೇಸರಗಳು ಕುಂಚದಂತೆ ಹೊರಚಾಚುತ್ತವೆ. ಕುಂಕುಮದ ಭರಣಿಯ ಮುಚ್ಚಳ ತೆಗೆದಂತೆ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಸುಲಭವಾಗಿ ತಿಳಿದೀತು.

ಕನ್ನಡದ ಹೆಸರಿನದು ಇನ್ನೂ ಸ್ವಾರಸ್ಯದ ಕಥೆ. ನೀಲಗಿರಿ ಬೆಟ್ಟಕ್ಕೆ ಆ ಹೆಸರು ಬಂದುದು ಈ ಮರದಿಂದಲೆಂದು ನನ್ನ ವಿದ್ಯಾರ್ಥಿಗಳು ಅನೇಕರು ತಿಳಿದಿದ್ದಾರೆ. ಸಂಗತಿ ತಿರುಗುಮುರುಗು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಪರಾಕ್ರಮವನ್ನು ಹೇಳುವ ಚಾಮರಾಜನಗರದ 1117ರ ಶಾಸನದಲ್ಲಿಯೇ ನೀಲಾದ್ರಿಯ ಪ್ರಸ್ತಾಪವಿದೆ. ಉದಕಮಂಡಲದಲ್ಲಿ ಸೌದೆಗಾಗಿ ಇಂಗ್ಲಿಷರು ಈ ಮರವನ್ನು ನೆಟ್ಟುದು 1843ರಲ್ಲಿ. ಅಂದರೆ ಮರಕ್ಕಿಂತ ಬೆಟ್ಟದ ಹೆಸರು ಏಳುನೂರು ವರ್ಷ ಹಿರಿಯದು. ಬೆಟ್ಟದಿಂದ ಎಣ್ಣೆ ಇಳಿದು ಬಂದಿತು. ಎಣ್ಣೆಯ ಹೆಸರು ಮರಕ್ಕೆ ಅಂಟಿಕೊಂಡಿತು. ನಮ್ಮ ನಾಡಿಗಾದರೋ ಮರ ಅದಕ್ಕೂ ಮೊದಲೇ ಬಂದಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟದ ತೋಟದಲ್ಲಿ ಆಸ್ಟ್ರೇಲಿಯಾದ ಬೀಜಗಳಿಂದ ಇದನ್ನು ಬೆಳೆಸಿದರೆಂದು ಹೇಳುತ್ತಾರೆ. ಆ ಸಂತಾನವೇ ಮುಂದೆ ಅರಣ್ಯ ಇಲಾಖೆಯವರ ಬಾಯಲ್ಲಿ ‘ಮೈಸೂರು ಗಮ್’ ಎನಿಸಿಕೊಂಡು ದೇಶದ ತುಂಬ ಹರಡಿತು.

ಇನ್ನು ಗಿಡದ ಆಯ್ಕೆ. ನೀಲಗಿರಿಯಲ್ಲಿ ಏಳುನೂರಕ್ಕೂ ಮಿಕ್ಕಿದ ಜಾತಿಗಳುಂಟು. ಎಲ್ಲವೂ ಮನೆಗೆ ಒಗ್ಗುವಂಥವಲ್ಲ. ಅಲಂಕಾರಕ್ಕೆಂದು ಮಾರುವವುಗಳಲ್ಲಿ ಮುಖ್ಯವಾದುದು ನಮ್ಮ ಮನೆಗೆ ಬಂದ ‘ಯೂಕಲಿಪ್ಟಸ್ ಸಿನೇರಿಯ’. ಅದರ ತವರು ಆಸ್ಟ್ರೇಲಿಯಾದ ಆಗ್ನೇಯ ಭಾಗದ ತಂಪು ಪ್ರಸ್ಥಭೂಮಿ. ಆದುದರಿಂದ ಬೆಂಗಳೂರು, ಮೈಸೂರು, ಮಡಿಕೇರಿಗಳ ಹವೆಯನ್ನು ಅದು ಸಹಿಸಿಕೊಳ್ಳುತ್ತದೆ. ಮಂಗಳೂರಿನ ಬೆವರು, ರಾಯಚೂರಿನ ಬೇಗೆ ಎರಡೂ ಅದಕ್ಕೆ ಆಗಿಬರುವುದಿಲ್ಲ. ಟಾಸ್ಮೇನಿಯಾದ ‘ಗನ್ನಿ’ ಎಂಬ ಜಾತಿ ಹಿಮವನ್ನೂ ತಡೆದೀತು, ನಮ್ಮ ಏಪ್ರಿಲ್ ತಿಂಗಳನ್ನು ತಡೆಯಲಾರದು. ಸೆಕೆಯ ಊರಿನವರಿಗೆ ಕ್ವೀನ್ಸ್‌ಲೆಂಡಿನ ನಿಂಬೆವಾಸನೆಯ ನೀಲಗಿರಿಯೇ ಲೇಸು. ಅದರ ಎಲೆ ದುಂಡಗಲ್ಲ, ನೀಳ. ಆದರೆ ಕೈಯಾಡಿಸಿದರೆ ನಿಂಬೆಯ ಹಣ್ಣನ್ನೇ ಹಿಂಡಿದಂತೆ ಪರಿಮಳ. ಸಸ್ಯಶಾಸ್ತ್ರಜ್ಞರು 1995ರಲ್ಲಿ ಇದನ್ನು ಬೇರೆ ಮನೆ ಮಾಡಿಸಿ ‘ಕೊರಿಂಬಿಯ’ ಎಂಬ ಹೊಸ ಕುಲಕ್ಕೆ ಸೇರಿಸಿದ್ದಾರೆ. ನರ್ಸರಿಯವನಿಗೆ ಈ ದಾಯಾದಿ ವಿಭಾಗದ ಸುದ್ದಿ ತಿಳಿದಿರದಿದ್ದರೆ ಬೇಸರಿಸಬಾರದು.

ಕೊಳ್ಳುವಾಗ ಎತ್ತರದ ಗಿಡಕ್ಕೆ ಆಸೆಪಡಬೇಡಿ. ಈ ಜಾತಿಗೆ ಬೇರನ್ನು ಕೆದಕಿದರೆ ಆಗದು. ಸಣ್ಣ ಚೀಲದಲ್ಲಿ ಬಹುಕಾಲ ನಿಂತ ದೊಡ್ಡ ಗಿಡದ ಬೇರು ಒಳಗೊಳಗೇ ಸಿಂಬೆ ಸುತ್ತಿರುತ್ತದೆ. ಅಂಥದು ಮುಂದೆ ಎಂದೂ ನೆಟ್ಟಗೆ ಬೆಳೆಯುವುದಿಲ್ಲ. ಒಂದಡಿಯ ಎಳೆಯ ಗಿಡವೇ ಎರಡು ವರ್ಷಗಳಲ್ಲಿ ಅದನ್ನು ಹಿಂದೆ ಹಾಕುತ್ತದೆ. ಕೊಂಬೆ ನೆಟ್ಟು ಬೇರು ಬರಿಸುವ ಪ್ರಯತ್ನವೂ ಬೇಡ; ದಾಸವಾಳಕ್ಕೆ ಸಲ್ಲುವ ಉಪಾಯ ಇದಕ್ಕೆ ಸಲ್ಲದು. ಬೀಜದಿಂದ ಬೆಳೆಸುವ ತಾಳ್ಮೆಯಿದ್ದರೆ ಧೂಳಿನಂತಿರುವ ಬೀಜವನ್ನು ಒದ್ದೆ ಮರಳುಮಣ್ಣಿನ ಮೇಲೆ ಉದುರಿಸಿ, ಹೂಳದೆ, ಬೆಳಕಿನ ನೆರಳಿನಲ್ಲಿಟ್ಟು ತೇವವಾರದಂತೆ ನೋಡಿಕೊಂಡರೆ ಎರಡು ಮೂರು ವಾರಗಳಲ್ಲಿ ಮೊಳೆಯುತ್ತದೆ.

ಕುಂಡ ಮೊದಲಿಗೆ ಹನ್ನೆರಡು ಅಂಗುಲದ್ದಿರಲಿ. ತಳದಲ್ಲಿ ತೂತು ಚೆನ್ನಾಗಿರಬೇಕು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಹಳೆಯ ಗೊಬ್ಬರ ಸೇರಿಸಿದರೆ ಸಾಕು. ಇದು ಬಡ ಮಣ್ಣಿನಲ್ಲಿ ಹುಟ್ಟಿ ಬೆಳೆದ ಮರ. ಗೊಬ್ಬರವನ್ನು ತುಂಬಿದರೆ ಬೊಜ್ಜು ಬಂದವರಂತೆ ಸೊಂಪಾಗಿ ಬೆಳೆದು ಗಾಳಿಗೆ ಬಾಗುತ್ತದೆ. ಎರಡು ವರ್ಷಕ್ಕೊಮ್ಮೆ, ಮಳೆಗಾಲದ ಆರಂಭದಲ್ಲಿ, ಬೇರಿನ ಹೆಂಟೆಯನ್ನು ಒಡೆಯದೆ ಇನ್ನೊಂದು ಅಳತೆ ದೊಡ್ಡ ಕುಂಡಕ್ಕೆ ಜಾರಿಸಿದರಾಯಿತು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನಡುಮನೆಯ ಟೀಪಾಯಿಯ ಮೇಲೆ ಇಟ್ಟರೆ ಒಂದು ತಿಂಗಳು ನಿಮ್ಮ ದಾಕ್ಷಿಣ್ಯಕ್ಕೆ ಬದುಕಿದ್ದು, ಆಮೇಲೆ ಎಲೆಯುದುರಿಸಿಕೊಂಡು ಹೊರಟುಹೋಗುತ್ತದೆ.

ಇನ್ನು ನಮ್ಮ ಅಪರಾಧಗಳ ಪಟ್ಟಿ. ಮೊದಲನೆಯದು ನನ್ನದು. ಒಂದು ಭಾನುವಾರ ಎಲೆಗಳ ಮೇಲೆ ಬಿಳಿಯ ಪುಡಿಯನ್ನು ಕಂಡು, ರಸ್ತೆಯ ಧೂಳೆಂದು ಭಾವಿಸಿ, ಒದ್ದೆಯ ಬಟ್ಟೆಯಿಂದ ಒಂದೊಂದೆಲೆಯನ್ನೂ ಶ್ರದ್ಧೆಯಿಂದ ಒರೆಸಿದೆ. ಗಿಡ ಸ್ನಾನ ಮಾಡಿದಂತೆ ಹಸುರಾಯಿತು. ಮನೆಯಾಕೆ ಬಂದು ನೋಡಿ, “ಬೆಳ್ಳಿ ಎಲ್ಲಿ ಹೋಯಿತು?” ಎಂದು ಕೇಳಿದಳು. ಬೆಳ್ಳಿ ನನ್ನ ಬಟ್ಟೆಗೆ ಹತ್ತಿತ್ತು. ಆ ಪುಡಿ ಧೂಳಲ್ಲ. ಬಿಸಿಲಿನ ಝಳದಿಂದಲೂ ನೀರಿನ ನಷ್ಟದಿಂದಲೂ ಕಾಪಾಡಿಕೊಳ್ಳಲು ಎಲೆಯೇ ತೊಟ್ಟ ಮೇಣದ ಕವಚ. ಒಮ್ಮೆ ಒರೆಸಿದ ಎಲೆಗೆ ಅದು ಮರಳಿ ಬರುವುದಿಲ್ಲ. ಹೊಸ ಚಿಗುರಿಗಾಗಿ ಕಾಯಬೇಕು. ನಾವು ನಾಲ್ಕು ತಿಂಗಳು ಕಾದೆವು.

ಎರಡನೆಯ ಅಪರಾಧ ಇಬ್ಬರದೂ. ನೀಲಗಿರಿಗೆ ನೀರು ಬೇಡ, ಅದು ಬರಗಾಲದ ಮರ ಎಂಬ ತಪ್ಪು ಕಲ್ಪನೆಯಲ್ಲಿ ನಾದಿನಿಯ ಮದುವೆಗೆ ನಾಲ್ಕು ದಿನ ಹೋಗಿಬಂದೆವು. ಮೇ ತಿಂಗಳು. ನೆಲದ ನೀಲಗಿರಿ ಬರವನ್ನು ಗೆಲ್ಲುವುದು ನೀರಿಲ್ಲದೆ ಅಲ್ಲ, ಆಳಕ್ಕೆ ಬೇರಿಳಿಸಿ ನೀರನ್ನು ಹುಡುಕಿಕೊಂಡು. ಕುಂಡದಲ್ಲಿ ಆ ಹಾದಿ ಕಟ್ಟಿದೆ. ನಮ್ಮ ಚೊಂಬೇ ಅದಕ್ಕೆ ಗತಿ. ಇನ್ನೊಂದು ತೊಡಕು: ಸೇವಂತಿಗೆಯಂತೆ ಇದು ಬಾಡಿ, ತಲೆ ಬಾಗಿಸಿ, ‘ನೀರು ಕೊಡಿ’ ಎಂದು ಕೇಳುವುದಿಲ್ಲ. ಎಲೆ ಗಡಸು, ಒಣಗುವವರೆಗೂ ಸೆಟೆದುಕೊಂಡೇ ಇರುತ್ತದೆ. ನಮಗೆ ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ನಾವು ಮರಳಿದಾಗ ಎಲೆಗಳು ಹಪ್ಪಳದಂತೆ ಕೈಯಲ್ಲಿ ಪುಡಿಯಾದವು. ಅರ್ಧ ಗಿಡ ಹೋಯಿತು. ಪುಣ್ಯಕ್ಕೆ ಬುಡ ಉಳಿಯಿತು. ಅಂದಿನಿಂದ ಬೆರಳನ್ನು ಒಂದಂಗುಲ ಮಣ್ಣಿನೊಳಗಿಳಿಸಿ ನೋಡುತ್ತೇವೆ. ಒಣಗಿದ್ದರೆ ತಳದಿಂದ ಹರಿಯುವಷ್ಟು ನೀರು. ಬೇಸಗೆಯಲ್ಲಿ ನಿತ್ಯ, ಮಳೆಗಾಲದಲ್ಲಿ ವಾರಕ್ಕೊಮ್ಮೆಯೂ ಬೇಡವಾದೀತು.

ಮೂರನೆಯದು ಸೊಳ್ಳೆಯ ಪ್ರಸಂಗ. ನೀಲಗಿರಿಯ ವಾಸನೆ ಚಳಿಜ್ವರವನ್ನು ಓಡಿಸುತ್ತದೆಂಬ ನಂಬಿಕೆ ಹಳೆಯದು. ರೋಮ್ ನಗರದ ಅಂಚಿನ ತ್ರೆ ಫೊಂತಾನೆ ಮಠದ ಸನ್ಯಾಸಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮಲೇರಿಯಾದ ವಿರುದ್ಧ ನೀಲಗಿರಿಯ ತೋಪುಗಳನ್ನೇ ಬೆಳೆಸಿದರು. ಮಲೇರಿಯಾದ ರೋಗಾಣುವಿಗೆ ಸೊಳ್ಳೆಯ ಹೊಟ್ಟೆಯೇ ಮನೆಯೆಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದುದು ಆಮೇಲೆ, 1897ರಲ್ಲಿ. ನಿಂಬೆವಾಸನೆಯ ನೀಲಗಿರಿಯ ಎಣ್ಣೆಯನ್ನು ಸಂಸ್ಕರಿಸಿ ತೆಗೆದ ದ್ರವ್ಯವನ್ನು ಮೈಗೆ ಹಚ್ಚಿಕೊಂಡರೆ ಸೊಳ್ಳೆ ದೂರವಿರುವುದು ನಿಜ. ಆದರೆ ಗಿಡ ಸುಮ್ಮನೆ ಬಾಲ್ಕನಿಯಲ್ಲಿ ನಿಂತರೆ ಸೊಳ್ಳೆಗೆ ಯಾವ ಭಯವೂ ಇಲ್ಲ. ನಮ್ಮ ಮನೆಯಲ್ಲಿ ಆದದ್ದೇ ಬೇರೆ. ನೆಲ ಗಲೀಜಾಗಬಾರದೆಂದು ಕುಂಡದ ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಂತು, ಅದರಲ್ಲಿ ಹುಳುಗಳು ನಲಿದಾಡುತ್ತಿದ್ದುವು. ಸೊಳ್ಳೆಯೋಡಿಸಲು ತಂದ ಗಿಡವೇ ಅವುಗಳಿಗೆ ತೊಟ್ಟಿಲಾಗಿತ್ತು! ಈಗ ತಟ್ಟೆಯ ನೀರನ್ನು ದಿನವೂ ಚೆಲ್ಲುತ್ತೇವೆ. ಅದು ಬೇರಿಗೂ ಒಳ್ಳೆಯದು.

ಮಕ್ಕಳಿರುವ ಮನೆಯವರಿಗೆ ಒಂದು ಎಚ್ಚರಿಕೆ. ನೆಗಡಿಗೆ ನಾವು ಕರವಸ್ತ್ರದ ಮೇಲೆ ಹಾಕಿಕೊಳ್ಳುವ ಈ ಎಣ್ಣೆ ಹೊಟ್ಟೆಗೆ ಹೋದರೆ ವಿಷ. ಎಳೆಯ ಮಕ್ಕಳಿಗೆ ಸ್ವಲ್ಪವೇ ಸಾಕು, ಅಪಸ್ಮಾರದಂತೆ ಸೆಳೆತ ಬಂದೀತು. ಎಲೆಯನ್ನು ಕಷಾಯಕ್ಕಾಗಲಿ ಚಹಕ್ಕಾಗಲಿ ಹಾಕುವ ಪ್ರಯೋಗ ಮಾಡಬಾರದು. ಎಲೆಯ ನಡುನರ, ತೊಟ್ಟುಗಳಲ್ಲಿ ಸಣ್ಣ ಗಂಟುಗಳು ಕಂಡರೆ ಅದು ಒಂದು ಬಗೆಯ ಸೂಕ್ಷ್ಮ ಕಣಜದ ಕೆಲಸ. ಈ ಶತಮಾನದ ಆರಂಭದಲ್ಲಿ ನಮ್ಮ ದಕ್ಷಿಣದ ತೋಪುಗಳಿಗೂ ಬಂದ ಪಿಡುಗು. ಗಂಟಿರುವ ರೆಂಬೆಯನ್ನು ಕತ್ತರಿಸಿ ಸುಟ್ಟುಬಿಡುವುದು ಉತ್ತಮ.

ಈಗ ನಮ್ಮ ತಂದೆಯವರ ವಿಷಯ.

1980ರ ದಶಕದಲ್ಲಿ ಕೋಲಾರದ ಕಡೆ ರಾಗಿಯ ಹೊಲಗಳು ಒಂದೊಂದಾಗಿ ನೀಲಗಿರಿಯ ತೋಪುಗಳಾದುವು. ಮಳೆ ನಂಬುವಂತಿಲ್ಲ, ಕೂಲಿಯಾಳು ಸಿಗುವುದಿಲ್ಲ, ದನ ಮೇಯುವುದಿಲ್ಲ. ನೆಟ್ಟು ಬಿಟ್ಟರೆ ನಾಲ್ಕೈದು ವರ್ಷಕ್ಕೊಮ್ಮೆ ಕಡಿದು ಗಳಕ್ಕೂ ಕಾಗದದ ಕಾರ್ಖಾನೆಗೂ ಮಾರಬಹುದು. ಕಡಿದ ಬುಡ ಮತ್ತೆ ಚಿಗುರುತ್ತದೆ. ಎಲ್ಲರೂ ಒಪ್ಪಿದರೆಂದಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿಯ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ಹುಣಿಸೆ, ಮಾವುಗಳ ಬೀಜವನ್ನು ಬಿತ್ತಿದ್ದರು. ಆದರೂ ನಮ್ಮ ತಂದೆಯವರು ಮೂರು ಎಕರೆಗೆ ನೀಲಗಿರಿ ನೆಟ್ಟರು. ಮೊದಲನೆಯ ಕಡಿತದಲ್ಲಿ ಮನೆಗೆ ಹೆಂಚು ಬಂತು. ಎರಡನೆಯದರಲ್ಲಿ ಅಕ್ಕನ ಮದುವೆಯಾಯಿತು. ನಾಲ್ಕನೆಯದರಲ್ಲಿ ನನ್ನ ಎಂ.ಎ. ಮುಗಿಯಿತು. ಪಂಪ, ರನ್ನರ ಋಣ ನನ್ನ ಮೇಲೆ ಎಷ್ಟಿದೆಯೋ ಆ ಬೋಳು ಮರಗಳ ಋಣವೂ ಅಷ್ಟೇ ಇದೆ.

ನಡುವೆ, ನಾನು ಹೈಸ್ಕೂಲಿನಲ್ಲಿದ್ದಾಗ, ತಾತನ ಕಾಲದ ತೋಡುಬಾವಿ ಬತ್ತಿತು. ಅದಕ್ಕೆ ನೀಲಗಿರಿಯೊಂದೇ ಕಾರಣವೆನ್ನಲಾಗದು. ಸುತ್ತ ಕೊರೆದ ಕೊಳವೆಬಾವಿಗಳ ಪಾಲೂ ಉಂಟು. ಈ ಕುರಿತು ಕರ್ನಾಟಕದಲ್ಲಿಯೇ ನಡೆದು 1990ರ ದಶಕದಲ್ಲಿ ಪ್ರಕಟವಾದ ಸಂಶೋಧನೆ ನ್ಯಾಯದ ತಕ್ಕಡಿಯಂತಿದೆ. ಶಿವಮೊಗ್ಗದ ಕಡೆಯ ಆಳವಿಲ್ಲದ ಮಣ್ಣಿನಲ್ಲಿ ನೀಲಗಿರಿ ಅಲ್ಲಿಯ ಕಾಡಿಗಿಂತ ಹೆಚ್ಚು ನೀರನ್ನು ಬಳಸಲಿಲ್ಲ. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಮಾತ್ರ ಬಿದ್ದ ಮಳೆಗಿಂತಲೂ ಹೆಚ್ಚನ್ನು ಬಳಸಿತು. ಎಂದರೆ ನೆಲದಲ್ಲಿ ಕೂಡಿಟ್ಟ ಗಂಟಿಗೇ ಕೈಹಾಕಿತು. ನಮ್ಮೂರಿನ ಮಣ್ಣೂ ಆಳವಾದುದೇ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗ ತಂದೆಯವರು ಪತ್ರಿಕೆಯನ್ನು ಮಡಿಸಿಟ್ಟು, “ಮೂವತ್ತು ವರ್ಷದ ಹಿಂದೆ ಹೇಳಬೇಕಾಗಿತ್ತು,” ಎಂದಷ್ಟೇ ಹೇಳಿದ್ದರು. ಆ ವರ್ಷದಿಂದ ಅವರು ಬುಡಗಳನ್ನು ಕೀಳಿಸುತ್ತ ಬಂದಿದ್ದಾರೆ. ನೆಟ್ಟದ್ದಕ್ಕಿಂತ ಕೀಳುವುದಕ್ಕೆ ಹೆಚ್ಚು ಹಣ ಬೇಕು. ಒಂದೂವರೆ ಎಕರೆ ಬಿಡಿಸಿ ಮಾವು, ಹೊಂಗೆ ಹಾಕಿದ್ದಾರೆ. ಉಳಿದುದರ ಮಾತನ್ನು ಅವರು ಆಡುವುದಿಲ್ಲ.

ಅಂಥವರು ಕಳೆದ ಜೂನ್ ತಿಂಗಳಿನಲ್ಲಿ ಕಣ್ಣಿನ ಪರೀಕ್ಷೆಗೆಂದು ನಮ್ಮಲ್ಲಿಗೆ ಬಂದರು. ಗಿಡವನ್ನು ಒಣಗುವ ಬಟ್ಟೆಗಳ ಹಿಂದೆ ಮರೆಸೋಣವೆಂದು ನಾನು ಸೂಚಿಸಿದೆ. “ಕದ್ದು ತಂದದ್ದೇನು?” ಎಂದು ಮನೆಯಾಕೆ ಒಪ್ಪಲಿಲ್ಲ. ಮರೆಸಿದ್ದರೂ ಪ್ರಯೋಜನವಿರಲಿಲ್ಲ. ಸಂಜೆ ಬಾಲ್ಕನಿಗೆ ಕಾಲಿಟ್ಟವರೇ ತಂದೆಯವರು ನಿಂತರು. ಮೂಗು ಅವರ ಕಣ್ಣಿಗಿಂತ ಚುರುಕು.

“ಇದನ್ನ ದುಡ್ಡು ಕೊಟ್ಟು ತಂದ್ರೇನಪ್ಪಾ?”

“ಹೂಂ.”

“ಎಷ್ಟು?”

ನಾನು ಇನ್ನೂರು ಎಂದೆ. ಮಗಳು, “ಅಲ್ಲ ತಾತ, ಮುನ್ನೂರೈವತ್ತು!” ಎಂದು ತಿದ್ದಿದಳು. ಸತ್ಯವನ್ನು ನುಡಿಯಬೇಕೆಂದು ಅವಳಿಗೆ ಕಲಿಸಿದವನು ನಾನೇ.

ಅವರು ಮೊಣಕಾಲಿನ ಮೇಲೆ ಕೈಯೂರಿ ಕುಳಿತು ಗಿಡವನ್ನು ಬಹಳ ಹೊತ್ತು ನೋಡಿದರು. ಒಣಗಿ ಬದುಕಿದ ಮೇಲೆ ಅದು ಒಂದೇ ಕೋಲಾಗಿ ಐದಡಿ ಏರಿತ್ತು; ಕೆಳಗೆ ಬೋಳು, ತುದಿಯಲ್ಲಿ ನೀಳವಾಗತೊಡಗಿದ ಎಲೆ. ಈ ಮರಕ್ಕೆ ಬಾಲ್ಯದಲ್ಲೊಂದು ಎಲೆ, ಪ್ರಾಯದಲ್ಲೊಂದು ಎಲೆ. ಎಳವೆಯಲ್ಲಿ ದುಂಡಾಗಿ ಜೋಡಿಯಾಗಿದ್ದುದು ಬಲಿತಂತೆ ಕುಡುಗೋಲಿನಂತೆ ನೀಳವಾಗಿ ಒಂಟಿಯಾಗುತ್ತದೆ. ನಾವು ಹಣ ಕೊಟ್ಟುದು ಬಾಲ್ಯಕ್ಕೆ. ಗಿಡ ನಮ್ಮನ್ನು ಕೇಳದೆ ದೊಡ್ಡದಾಗುತ್ತಿತ್ತು.

“ಚಾಕು ತಾರಮ್ಮ,” ಎಂದು ಅವರು ಸೊಸೆಯನ್ನು ಕೇಳಿದರು.

ಮಗಳು ಅಳುಮೋರೆ ಮಾಡಿದಳು. ಮನೆಯಾಕೆ ನನ್ನ ಮುಖವನ್ನು ನೋಡಿದಳು. ನಾನೇ ಚಾಕುವನ್ನು ತಂದು ಕೊಟ್ಟೆ. ಆ ಮರದ ಮೇಲೆ ಅವರಿಗಿರುವ ಅಧಿಕಾರ ನನಗಿರಲಿಲ್ಲ. ಅವರು ಕಾಂಡವನ್ನು ಬೆರಳಿನಿಂದ ತಡವುತ್ತ ಬಂದು, ಬುಡದಿಂದ ಎರಡಡಿಯ ಮೇಲೆ, ಒಂದು ಗೆಣ್ಣಿನ ತುಸು ಮೇಲಕ್ಕೆ, ಓರೆಯಾಗಿ ಒಂದೇ ಏಟಿಗೆ ಕತ್ತರಿಸಿದರು.

“ಅಳಬೇಡ ಕಣವ್ವಾ. ತಲೆ ತೆಗೆದರೆ ಸಾಯೋ ಮರವಲ್ಲ ಇದು; ಸತ್ತಿದ್ದರೆ ನಿಮ್ಮಪ್ಪ ಓದುತ್ತಿರಲಿಲ್ಲ,” ಎಂದರು.

ಮೂರು ವಾರಗಳಲ್ಲಿ ಬೋಳು ಕಾಂಡದ ತೊಗಟೆಯನ್ನು ಸೀಳಿಕೊಂಡು ಎಂಟು ಚಿಗುರು ಬಂದುವು. ಎಂಟರಲ್ಲಿಯೂ ದುಂಡನೆಯ ಬೆಳ್ಳಿಯೆಲೆ. ತೊಗಟೆಯ ಕೆಳಗೆ ನಿದ್ರಿಸುವ ಮೊಗ್ಗುಗಳು ತಲೆ ಹೋದಾಗ ಎಚ್ಚರಗೊಳ್ಳುತ್ತವೆ. ಆಸ್ಟ್ರೇಲಿಯಾದ ಕಾಳ್ಗಿಚ್ಚಿನ ಅನಂತರ ಕಾಡು ಮರಳಿ ಹಸುರಾಗುವುದು ಇದೇ ಉಪಾಯದಿಂದ. ಹೊರದೇಶಗಳ ಹೂಗಾರರು ವರ್ಷವರ್ಷವೂ ಗಿಡವನ್ನು ಮೊಟಕುಗೊಳಿಸಿ ಬೆಳ್ಳಿಯೆಲೆಯನ್ನು ಪಡೆಯುವುದೂ ಹೀಗೆಯೇ. ಕತ್ತರಿಸಿದ ರೆಂಬೆಗಳನ್ನು ನೀರಿನಲ್ಲಿಟ್ಟರೆ ಎರಡು ಮೂರು ವಾರ ಬಾಡದೆ ನಿಲ್ಲುತ್ತವೆ. ಓದುಗರು ವರ್ಷಕ್ಕೊಮ್ಮೆ, ಮುಂಗಾರಿನ ಆರಂಭದಲ್ಲಿ, ಕತ್ತರಿ ಹಿಡಿಯಲು ಹಿಂಜರಿಯಬಾರದು.

ಊರಿಗೆ ಹೊರಡುವ ದಿನ ತಂದೆಯವರು ಸೊಸೆಗೆ ಒಂದು ಮಾತನ್ನು ಹೇಳಿಹೋದರು. ಮೂವತ್ತು ನಲವತ್ತರ ಸೈಟಿನಲ್ಲಿ ಸ್ವಂತ ಮನೆ ಕಟ್ಟುವ ನಮ್ಮ ಆಸೆ ಅವರಿಗೆ ಗೊತ್ತು. ನಲವತ್ತು ಐವತ್ತು ಅಡಿ ಏರುವ ಈ ಮರದ ಬೇರು ಸಂಪನ್ನೂ ಚರಂಡಿಯನ್ನೂ ಪಾಯವನ್ನೂ ಹುಡುಕಿಕೊಂಡು ಹೋಗುವುದೂ ಗೊತ್ತು. ಆದರೆ ಅವರು ಮನೆಯ ಮಾತನ್ನೇ ಎತ್ತಲಿಲ್ಲ.

“ಕುಂಡ ಒಡೆದರೆ ಇನ್ನೊಂದು ಕುಂಡ ತನ್ನಿ. ಚಿಕ್ಕದಾದರೆ ದೊಡ್ಡದು ತನ್ನಿ. ನೆಲಕ್ಕೆ ಮಾತ್ರ ಇಳಿಸಬೇಡಿ,” ಎಂದರು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಮೊಮ್ಮಗಳಿಗೆ ಕೂಗಿ ಹೇಳಿದರು: “ನೀರು ಹಾಕೋದು ಮರೀಬೇಡ!”